ಗಾಯ ಮಾಯುವ ಬಗೆ: ಹಲ್ಲಿನ ಚಿಕಿತ್ಸೆಯಲ್ಲಿ ಲೇಸರ್ ಬೆಳಕು



ಹಲ್ಲಿನ ಚಿಕಿತ್ಸೆಯಲ್ಲಿ ಲೇಸರ್ ಬಳಕೆಯನ್ನು ಕುರಿತು ನಾವು ಅರ್ಧ ಗಂಟೆಯ ಮಾತುಕತೆ ಕಾರ್ಯಕ್ರಮವೊಂದನ್ನು ಪ್ರಸಾರ ಮಾಡಿದ್ದೆವು. ದಂತವೈದ್ಯರೊಬ್ಬರು ಪೆನ್ನಿನಂಥ ಉಪಕರಣವನ್ನು ಸ್ಟುಡಿಯೋಗೆ ತಂದಿದ್ದರು. ಅದರ ತುದಿಯಲ್ಲಿ ಹೊಳೆಯುವ ಕೆಂಪು ಚುಕ್ಕೆ ಕ್ಯಾಮೆರಾದಲ್ಲಿ ಬಹಳ ಚೆನ್ನಾಗಿ ಕಂಡಿತು. ನಿರ್ಮಾಪಕನಾದ ನನಗೆ ಅಷ್ಟೇ ಸಾಕಾಯಿತು. ವೈದ್ಯರು ಪ್ರಮಾಣದ ಬಗ್ಗೆ, ಮಿತಿಗಳ ಬಗ್ಗೆ ಹೇಳಿದ ಐದಾರು ನಿಮಿಷದ ಮಾತನ್ನು, ಸಮಯ ಸಾಲದೆಂದು, ಸಂಕಲನದಲ್ಲಿ ಕತ್ತರಿಸಿದೆ.

ಒಂದೂವರೆ ತಿಂಗಳ ನಂತರ ನಮ್ಮೂರು ಮೂಗೂರಿನಿಂದ ಸೋದರತ್ತೆ ಫೋನು ಮಾಡಿದರು.

"ಬೆಳಕು ಬುಟ್ರೆ ಗಾಯ ಮಾಯ್ತದೆ ಅಂತ ನಿಮ್ ಟೀವೀಲಿ ತೋರುಸ್ದ್ರಲ್ಲಪ್ಪ, ನಂಗೂ ಅದ ಮಾಡುಸ್ಕೊಡು ಮಗ. ದವಡೆ ಹಲ್ಲು ಕೀಳ್ಸಿ ಎರಡು ತಿಂಗ್ಳಾಯ್ತು. ಇನ್ನೂ ಮಾಯ್ನಿಲ್ಲ ಕಣಪ್ಪ."

"ಎರಡು ತಿಂಗಳಾ? ಮತ್ತೆ ಡಾಕ್ಟರ ಹತ್ರ ಹೋಗಲಿಲ್ವಾ ಅತ್ತೆ?"

"ಅಮ್ಮನವರ ಜಾತ್ರೆ ಕಳೀಲಿ, ನಿನ್ನ ಕೇಳ್ಕೊಂಡು ಆ ಬೆಳಕ್ನೇ ಬುಡುಸ್ಕೊಳವ ಅಂತ ಸುಮ್ನಾದೆ."

ನನ್ನ ಕಾರ್ಯಕ್ರಮವನ್ನು ನಂಬಿ ಅವರು ಆರು ವಾರ ಕಾದಿದ್ದರು. ಬಾಯಿಯಲ್ಲಿ ಎರಡು ತಿಂಗಳಾದರೂ ಮಾಯದ ಗಾಯವೆಂದರೆ ಕಾಯುವಂಥದ್ದಲ್ಲ. ಅದು ಏಕೆಂದು ಮುಂದೆ ಹೇಳುತ್ತೇನೆ. ಅಂದು ನಾನು ಕತ್ತರಿಸಿದ ಆ ಐದಾರು ನಿಮಿಷದ ಮಾತನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಗಾಯ ಮಾಯುವುದು ಹೇಗೆ?

ಬೆಳಕಿನ ವಿಷಯಕ್ಕೆ ಬರುವ ಮೊದಲು ಗಾಯವನ್ನು ಅರಿತುಕೊಳ್ಳಬೇಕು. ಹಲ್ಲು ಕಿತ್ತಾಗ ದವಡೆಯಲ್ಲಿ ಒಂದು ಗೂಡು ಉಳಿಯುತ್ತದೆ. ಅದರ ಗೋಡೆ ಮೂಳೆಯದು, ಅಂಚು ವಸಡಿನದು. ಗೂಡಿನಲ್ಲಿ ರಕ್ತ ತುಂಬಿ ಕೆಲವು ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ. ಈ ಹೆಪ್ಪು ಬರೀ ಮುಚ್ಚಳವಲ್ಲ. ಮುಂದೆ ಬರುವ ಜೀವಕೋಶಗಳಿಗೆ ಅದು ಹಂದರ. ಹಲ್ಲು ಕಿತ್ತ ದಿನ ಜೋರಾಗಿ ಬಾಯಿ ಮುಕ್ಕಳಿಸಬೇಡಿ, ಉಗುಳಬೇಡಿ ಎಂದು ವೈದ್ಯರು ಹೇಳುವುದು ಈ ಹಂದರವನ್ನು ಉಳಿಸಿಕೊಳ್ಳಲಿಕ್ಕಾಗಿಯೇ. ಅದು ಕಿತ್ತುಹೋದರೆ ಮೂಳೆ ಬರಿದಾಗಿ, ಎರಡು ಮೂರು ದಿನಗಳಲ್ಲಿ ಕಿವಿಯವರೆಗೆ ಸೆಳೆಯುವ ನೋವು ಶುರುವಾಗಬಹುದು.

ಎರಡನೆಯ ಹಂತ ಉರಿಯೂತದ್ದು. ಬಿಳಿಯ ರಕ್ತಕಣಗಳು ಗಾಯಕ್ಕೆ ಧಾವಿಸಿ ರೋಗಾಣುಗಳನ್ನೂ ಸತ್ತ ಜೀವಕೋಶಗಳನ್ನೂ ತಿಂದು ಹಾಕುತ್ತವೆ. ಮೊದಲ ಎರಡು ಮೂರು ದಿನಗಳ ಊತ, ನೋವು, ಬಿಸಿ ಇವೆಲ್ಲ ಈ ಕೆಲಸದ ಗುರುತುಗಳು. ಮೂರನೆಯದು ಕಟ್ಟುವ ಹಂತ. ಫೈಬ್ರೋಬ್ಲಾಸ್ಟ್ ಎಂಬ ಜೀವಕೋಶಗಳು ಬಂದು ಕೊಲಾಜೆನ್ ಎಂಬ ನಾರನ್ನು ನೇಯುತ್ತವೆ. ಹೊಸ ರಕ್ತನಾಳಗಳು ಮೊಳೆಯುತ್ತವೆ. ಸುಮಾರು ಒಂದು ವಾರದಲ್ಲಿ ಹೆಪ್ಪಿನ ಜಾಗದಲ್ಲಿ ಕೆಂಪಗಿನ ಎಳೆಯ ಅಂಗಾಂಶ ತುಂಬಿಕೊಳ್ಳುತ್ತದೆ. ಮೂರು ನಾಲ್ಕು ವಾರಗಳಲ್ಲಿ ವಸಡಿನ ಲೋಳೆಪೊರೆ ಅದರ ಮೇಲೆ ಬೆಳೆದು ಬಾಯಿ ಮುಚ್ಚುತ್ತದೆ. ಕೊನೆಯ ಹಂತ ನಿಧಾನದ್ದು. ಗೂಡಿನೊಳಗೆ ಮೂಳೆ ತುಂಬಿ ಗಟ್ಟಿಯಾಗಲು ತಿಂಗಳುಗಳೇ ಬೇಕು.

ಇನ್ನೊಂದು ಸ್ವಾರಸ್ಯವಿದೆ. ಕೈ ಮೇಲಿನ ಗಾಯಕ್ಕಿಂತ ಬಾಯೊಳಗಿನ ಗಾಯ ಬೇಗ ಮಾಯುತ್ತದೆ. ಕಲೆಯೂ ಅಷ್ಟಾಗಿ ಉಳಿಯುವುದಿಲ್ಲ. ಕೋಟ್ಯಂತರ ರೋಗಾಣುಗಳಿರುವ ಜಾಗದಲ್ಲಿ ಹೀಗಾಗುವುದು ಹೇಗೆ? ಬಾಯಿಗೆ ರಕ್ತದ ಪೂರೈಕೆ ಸಮೃದ್ಧವಾಗಿದೆ. ಜೊಲ್ಲಿನಲ್ಲಿ ಜೀವಕೋಶಗಳ ಬೆಳವಣಿಗೆಯನ್ನು ಪ್ರಚೋದಿಸುವ ಪ್ರೋಟೀನುಗಳಿವೆ. ಹಿಸ್ಟಾಟಿನ್ ಎಂಬುದು ಅವುಗಳಲ್ಲಿ ಒಂದು. ಬೆರಳು ಕುಯ್ದುಕೊಂಡ ಮಗು ತಟ್ಟನೆ ಬೆರಳನ್ನು ಬಾಯಿಗಿಟ್ಟುಕೊಳ್ಳುವುದನ್ನು ನೀವು ನೋಡಿದ್ದೀರಿ. (ಬಾಯಿಯ ರೋಗಾಣುಗಳು ಚರ್ಮದ ಗಾಯಕ್ಕೆ ಸೇರಬಾರದಾದ್ದರಿಂದ ಇದು ಅನುಸರಿಸಬೇಕಾದ ಅಭ್ಯಾಸವೇನೂ ಅಲ್ಲ.)

ಅಂದಮೇಲೆ ಗಾಯವನ್ನು ಮಾಯಿಸುವುದು ದೇಹವೇ. ಔಷಧಿಯಾಗಲಿ, ಹೊಲಿಗೆಯಾಗಲಿ, ಲೇಸರ್ ಆಗಲಿ, ಈ ಕೆಲಸಕ್ಕೆ ನೆರವಾಗಬಹುದು ಅಥವಾ ಅಡ್ಡಿ ನಿವಾರಿಸಬಹುದು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಲೇಸರ್ ಎಂದರೇನು?

ಲೇಸರ್ ಎಂಬುದು 'ಲೈಟ್ ಆಂಪ್ಲಿಫಿಕೇಷನ್ ಬೈ ಸ್ಟಿಮ್ಯುಲೇಟೆಡ್ ಎಮಿಷನ್ ಆಫ್ ರೇಡಿಯೇಷನ್' ಎಂಬುದರ ಮೊದಲಕ್ಷರಗಳಿಂದಾದ ಹೆಸರು. ವಿಕಿರಣದ ಪ್ರಚೋದಿತ ಉತ್ಸರ್ಜನೆಯಿಂದ ಬೆಳಕನ್ನು ವರ್ಧಿಸುವುದು ಎಂದು ಅರ್ಥ. ಮೇಲಿನ ಶಕ್ತಿಮಟ್ಟದಲ್ಲಿರುವ ಪರಮಾಣುವಿನ ಬಳಿ ತಕ್ಕ ಶಕ್ತಿಯ ಫೋಟಾನ್ ಒಂದು ಹಾದುಹೋದರೆ, ಆ ಪರಮಾಣು ಕೆಳಗಿಳಿದು ಅದೇ ಬಗೆಯ ಮತ್ತೊಂದು ಫೋಟಾನನ್ನು ಹೊರಬಿಡುತ್ತದೆ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಈ ಸಾಧ್ಯತೆಯನ್ನು ಆಲ್ಬರ್ಟ್ ಐನ್‌ಸ್ಟೈನ್ 1917ರಲ್ಲಿಯೇ ಸೂಚಿಸಿದ್ದರು. ಅದನ್ನು ಬಳಸಿ ಮೊದಲ ಲೇಸರನ್ನು ಬೆಳಗಿಸಿದವರು ಅಮೆರಿಕದ ಥಿಯೋಡರ್ ಮೈಮನ್, 1960ರ ಮೇ 16ರಂದು. ಅದು ಮಾಣಿಕ್ಯದ ಹರಳಿನಿಂದ ಹೊಮ್ಮಿದ ಕೆಂಪು ಬೆಳಕು. ತರಂಗದೂರ 694 ನ್ಯಾನೋಮೀಟರ್.

ಈ ಕಥೆಯಲ್ಲಿ ಭಾರತೀಯರ ಹೆಸರೂ ಇದೆ. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ ಸಿ. ಕುಮಾರ್ ಪಟೇಲ್ ಅವರು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1964ರಲ್ಲಿ ಇಂಗಾಲದ ಡೈಆಕ್ಸೈಡ್ ಲೇಸರನ್ನು ಕಂಡುಹಿಡಿದರು. ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಲು ಇಂದಿಗೂ ಈ ಲೇಸರ್ ಬಳಕೆಯಲ್ಲಿದೆ.

ಸಾಮಾನ್ಯ ಬೆಳಕಿಗೂ ಲೇಸರಿಗೂ ಏನು ವ್ಯತ್ಯಾಸ? ಬಲ್ಬಿನ ಬೆಳಕಿನಲ್ಲಿ ಹಲವು ಬಣ್ಣಗಳಿರುತ್ತವೆ. ಅದು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಲೇಸರಿನಲ್ಲಿ ಬಹುಮಟ್ಟಿಗೆ ಒಂದೇ ತರಂಗದೂರದ ಬೆಳಕಿದ್ದು, ಅಲೆಗಳು ಹೆಜ್ಜೆಗೆ ಹೆಜ್ಜೆ ಕೂಡಿಸಿ ಸಾಗುತ್ತವೆ. ಕಿರಣವೂ ಹೆಚ್ಚು ಹರಡುವುದಿಲ್ಲ. ಹೀಗಾಗಿ ಅದನ್ನು ಸಾಸಿವೆಯಷ್ಟು ಜಾಗಕ್ಕೆ ಕೇಂದ್ರೀಕರಿಸಬಹುದು.

ಮಾಡಿ ನೋಡಿ

ಕತ್ತಲೆ ಕೋಣೆಯಲ್ಲಿ ಸಾಮಾನ್ಯ ಟಾರ್ಚಿನ ಗಾಜಿಗೆ ಬೆರಳನ್ನು ಒತ್ತಿ ಹಿಡಿಯಿರಿ. ಮೊಬೈಲಿನ ಟಾರ್ಚ್ ಆದರೂ ಆದೀತು. ಬಿಳಿಯ ಬೆಳಕು ಒಳಹೊಕ್ಕರೂ ಈಚೆಗೆ ಬರುವುದು ಕೆಂಪು ಬೆಳಕು ಮಾತ್ರ. ನೀಲಿ, ಹಸಿರು ಬಣ್ಣಗಳನ್ನು ರಕ್ತದ ಹಿಮೋಗ್ಲೋಬಿನ್ ಬಹಳಷ್ಟು ಹೀರಿಕೊಳ್ಳುತ್ತದೆ. ಕೆಂಪು ಬಣ್ಣವನ್ನು ಅಷ್ಟಾಗಿ ಹೀರುವುದಿಲ್ಲ. ಹಲ್ಲಿನ ಚಿಕಿತ್ಸೆಯ ಲೇಸರ್‌ಗಳನ್ನು ತಿಳಿಯಲು ಈ ಚಿಕ್ಕ ಪ್ರಯೋಗ ಸಾಕು. ಯಾವ ತರಂಗದೂರವನ್ನು ಯಾವ ವಸ್ತು ಹೀರುತ್ತದೆ ಎಂಬುದರ ಮೇಲೆಯೇ ಬೆಳಕಿನ ಕೆಲಸ ನಿಂತಿದೆ. (ಈ ಪ್ರಯೋಗಕ್ಕೆ ಲೇಸರ್ ಪಾಯಿಂಟರನ್ನು ಖಂಡಿತ ಬಳಸಬೇಡಿ.)

ಕತ್ತರಿಸುವ ಬೆಳಕು

ಮೈಮನ್ ಅವರ ಲೇಸರ್ ಹೊರಬಂದ ನಾಲ್ಕೈದು ವರ್ಷಗಳಲ್ಲಿಯೇ ಅದನ್ನು ಹಲ್ಲಿನ ಮೇಲೆ ಹಾಯಿಸಿ ನೋಡಿದರು. ಅಮೆರಿಕದ ಚರ್ಮವೈದ್ಯ ಲಿಯಾನ್ ಗೋಲ್ಡ್‌ಮನ್ 1965ರಲ್ಲಿ ಮಾಣಿಕ್ಯದ ಲೇಸರನ್ನು ಹಾಯಿಸಿದ್ದು ದಂತವೈದ್ಯರೇ ಆಗಿದ್ದ ತಮ್ಮ ಸಹೋದರನ ಹಲ್ಲಿನ ಮೇಲೆ! ಹಲ್ಲಿನ ಮೇಲ್ಮೈಗೆ ಅಲ್ಪ ಹಾನಿಯಾಯಿತು, ನೋವಾಗಲಿಲ್ಲ. ಆದರೆ ಮಾಣಿಕ್ಯದ ಲೇಸರಿನ ಶಾಖ ಹಲ್ಲಿನೊಳಗಿನ ನರ ಮತ್ತು ರಕ್ತನಾಳಗಳಿಗೆ ಅಪಾಯಕಾರಿ ಎಂಬುದು ಬೇಗ ತಿಳಿದುಬಂದು, ಬೇರೆ ತರಂಗದೂರಗಳ ಹುಡುಕಾಟ ನಡೆಯಿತು.

ಇಂದು ಬಳಕೆಯಲ್ಲಿರುವ ಮುಖ್ಯ ಲೇಸರ್‌ಗಳನ್ನು ನೋಡಿ. ಇಂಗಾಲದ ಡೈಆಕ್ಸೈಡ್ ಲೇಸರಿನ ತರಂಗದೂರ ಸಾಮಾನ್ಯವಾಗಿ 10,600 ನ್ಯಾನೋಮೀಟರ್. ಅದನ್ನು ನೀರು ಚೆನ್ನಾಗಿ ಹೀರುತ್ತದೆ. ನಮ್ಮ ವಸಡಿನಲ್ಲಿ ಬಹುಪಾಲು ನೀರೇ ಇರುವುದರಿಂದ ಕಿರಣ ಬಿದ್ದ ಜಾಗದ ನೀರು ಕ್ಷಣದಲ್ಲಿ ಆವಿಯಾಗಿ ಅಂಗಾಂಶ ಕತ್ತರಿಸಿಹೋಗುತ್ತದೆ. ಎರ್ಬಿಯಂ ಲೇಸರಿನದು 2,940 ನ್ಯಾನೋಮೀಟರ್. ಇದನ್ನು ನೀರು ಇನ್ನೂ ತೀವ್ರವಾಗಿ ಹೀರುತ್ತದೆ. ಹುಳುಕು ಹಿಡಿದ ಹಲ್ಲಿನ ಸೂಕ್ಷ್ಮ ನೀರಿನಂಶ ಸಿಡಿದು ಹುಳುಕು ಕಳಚಿಬರುತ್ತದೆ. ಹಲ್ಲಿನಂಥ ಗಟ್ಟಿ ಭಾಗಕ್ಕೆ ಇದನ್ನು ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1997ರಲ್ಲಿ ಅನುಮತಿ ನೀಡಿತು. ಚಿಕ್ಕ ಡಯೋಡ್ ಲೇಸರ್‌ಗಳದು 800ರಿಂದ 1,000 ನ್ಯಾನೋಮೀಟರ್ ಒಳಗಿನ ತರಂಗದೂರ. ನಮ್ಮ ಚಿಕಿತ್ಸಾಲಯಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವುದು ಇವೇ. ಇವು ಕೆಲಸ ಮಾಡುವುದು ವಸಡಿನ ಮೇಲೆ, ನಾಲಿಗೆಯ ಕೆಳಗಿನ ಬಿಗಿದ ಎಳೆಯಂಥ ಮೃದು ಭಾಗಗಳ ಮೇಲೆ.

ಚಾಕುವಿಗಿಂತ ಇದರಿಂದೇನು ಲಾಭ? ಕತ್ತರಿಸುತ್ತಲೇ ಶಾಖದಿಂದ ಸಣ್ಣ ರಕ್ತನಾಳಗಳ ಬಾಯಿ ಮುಚ್ಚಿಹೋಗುತ್ತದೆ. ರಕ್ತಸ್ರಾವ ಕಡಿಮೆ. ಎಷ್ಟೋ ಸಲ ಹೊಲಿಗೆ ಬೇಕಾಗುವುದಿಲ್ಲ. ಆದರೆ ಇಲ್ಲೊಂದು ತಪ್ಪು ತಿಳಿವಳಿಕೆ ಹರಡಿದೆ. ಲೇಸರಿನಿಂದ ಕತ್ತರಿಸಿದ ಗಾಯ ಚಾಕುವಿನ ಗಾಯಕ್ಕಿಂತ ಯಾವಾಗಲೂ ಬೇಗ ಮಾಯುತ್ತದೆ ಎಂದೇನಿಲ್ಲ. ಗಾಯದ ಅಂಚಿನಲ್ಲಿ ಬೆಂದ ಅಂಗಾಂಶದ ತೆಳು ಪದರವಿರುತ್ತದೆ. ದೇಹ ಮೊದಲು ಅದನ್ನು ತೆಗೆದುಹಾಕಬೇಕು. ಆದ್ದರಿಂದ ಮೊದಲ ದಿನಗಳಲ್ಲಿ ಅದು ತುಸು ನಿಧಾನವಾಗಿ ಮಾಯುವುದೂ ಉಂಟು.

ನಮ್ಮ ಅತ್ತೆ ಕೇಳಿದ್ದು ಈ ಕತ್ತರಿಸುವ ಬೆಳಕನ್ನಲ್ಲ, ಗಾಯ ಮಾಯಿಸುವ ಬೆಳಕನ್ನು.

ಮಾಯಿಸುವ ಬೆಳಕು

ಇದರ ಶೋಧ ಒಂದು ವಿಫಲ ಪ್ರಯೋಗದಿಂದ ಆಯಿತು. ಹಂಗೇರಿಯ ಬುಡಾಪೆಸ್ಟ್ ನಗರದ ಶಸ್ತ್ರವೈದ್ಯ ಎಂಡ್ರೆ ಮೆಸ್ಟರ್ 1967ರ ಸುಮಾರಿಗೆ ಇಲಿಗಳ ಬೆನ್ನಿನ ಕೂದಲು ಬೋಳಿಸಿ ಮಾಣಿಕ್ಯದ ಲೇಸರ್ ಹಾಯಿಸುತ್ತಿದ್ದರು. ಲೇಸರಿನಿಂದ ಗೆಡ್ಡೆಗಳನ್ನು ನಾಶಪಡಿಸಬಹುದೇ ಎಂಬ ಪ್ರಶ್ನೆಗೆ ಸಂಬಂಧಿಸಿದ ಕೆಲಸವದು. ಅವರ ಲೇಸರ್ ದುರ್ಬಲವಾಗಿತ್ತು. ಗೆಡ್ಡೆಗೆ ಏನೂ ಆಗಲಿಲ್ಲ. ಆದರೆ ಬೆಳಕು ಬಿದ್ದ ಜಾಗದಲ್ಲಿ ಕೂದಲು ಬೇಗ ಬೆಳೆದದ್ದನ್ನು ಅವರು ಗಮನಿಸಿದರು. ಅದನ್ನೇ ಬೆನ್ನುಹತ್ತಿ, ಮುಂದೆ ಬಹುಕಾಲದಿಂದ ಮಾಯದ ಹುಣ್ಣುಗಳಿದ್ದ ರೋಗಿಗಳಿಗೂ ಈ ಬೆಳಕನ್ನು ಬಳಸಿ ನೋಡಿದರು. ಅಲ್ಲಿಂದ ಬೆಳೆದದ್ದೇ ಕಡಿಮೆ ಶಕ್ತಿಯ ಲೇಸರ್ ಚಿಕಿತ್ಸೆ. ಈಗ ವಿಜ್ಞಾನಿಗಳು ಇದನ್ನು ಫೋಟೋಬಯೋಮಾಡ್ಯುಲೇಷನ್ ಎನ್ನುತ್ತಾರೆ. ಬೆಳಕಿನಿಂದ ಜೀವಕ್ರಿಯೆಯನ್ನು ಏರುಪೇರು ಮಾಡುವುದು ಎಂದು ಸರಳವಾಗಿ ಹೇಳಬಹುದು.

ಕತ್ತರಿಸುವ ಲೇಸರಿನ ಸಾಮರ್ಥ್ಯ ಕೆಲವು ವಾಟ್‌ಗಳಷ್ಟು. ಈ ಚಿಕಿತ್ಸೆಯದು ಸಾಮಾನ್ಯವಾಗಿ ಕೆಲವು ಹತ್ತು ಅಥವಾ ಕೆಲವು ನೂರು ಮಿಲಿವಾಟ್. ರೋಗಿಗೆ ಸುಟ್ಟ ಅನುಭವವಾಗುವುದಿಲ್ಲ. ಬಳಸುವುದು ಕೆಂಪು ಅಥವಾ ಅದರಾಚೆಗಿನ ಅವಕೆಂಪು ಬೆಳಕು, ಏಕೆಂದರೆ, ಟಾರ್ಚಿನ ಪ್ರಯೋಗದಲ್ಲಿ ನೀವು ಕಂಡಂತೆ, ಅದು ಅಂಗಾಂಶದೊಳಗೆ ಹೆಚ್ಚು ದೂರ ಹೋಗಬಲ್ಲದು. ಅವಕೆಂಪು ಕಣ್ಣಿಗೆ ಕಾಣುವುದಿಲ್ಲ. ನಮ್ಮ ಕ್ಯಾಮೆರಾ ಸೆರೆಹಿಡಿದ ಆ ಸೊಗಸಾದ ಕೆಂಪು ಚುಕ್ಕೆ ಗುರಿ ತೋರಿಸುವ ಬೆಳಕಾಗಿತ್ತು, ಅಷ್ಟೇ. ಕೆಲಸ ಮಾಡುವ ಬೆಳಕು ಪರದೆಯ ಮೇಲೆ ಕಾಣುವಂತಿರಲಿಲ್ಲ!

ಜೀವಕೋಶದೊಳಗೆ ಏನಾಗುತ್ತದೆ? ಜೀವಕೋಶದ ಶಕ್ತಿ ಕೇಂದ್ರವಾದ ಮೈಟೋಕಾಂಡ್ರಿಯವನ್ನು ನಿಮ್ಮ ಪಠ್ಯದಲ್ಲಿ ಓದಿದ್ದೀರಿ. ಅಲ್ಲಿ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವವಿದೆ. ಉಸಿರಾಟದ ಆಮ್ಲಜನಕ ಕೊನೆಗೆ ಬಳಕೆಯಾಗುವುದು ಇಲ್ಲಿಯೇ. ಈ ಕಿಣ್ವ ಕೆಂಪು ಮತ್ತು ಅವಕೆಂಪು ಬೆಳಕನ್ನು ಹೀರುತ್ತದೆ. ಗಾಯಗೊಂಡ ಜೀವಕೋಶದಲ್ಲಿ ನೈಟ್ರಿಕ್ ಆಕ್ಸೈಡ್ ಅಂಟಿಕೊಂಡು ಕಿಣ್ವದ ಕೆಲಸ ಕುಂಠಿತವಾಗಿರುತ್ತದೆ, ಬೆಳಕು ಆ ಅಂಟನ್ನು ಬಿಡಿಸುತ್ತದೆ, ಆಗ ಶಕ್ತಿಯ ನಾಣ್ಯವಾದ ಎಟಿಪಿ ಹೆಚ್ಚು ತಯಾರಾಗುತ್ತದೆ ಎಂಬುದು ಈಗ ಹೆಚ್ಚು ಮನ್ನಣೆ ಪಡೆದಿರುವ ವಿವರಣೆ. ಫೈಬ್ರೋಬ್ಲಾಸ್ಟ್‌ಗಳು ಚುರುಕಾಗುತ್ತವೆ; ಉರಿಯೂತ ತಗ್ಗುತ್ತದೆ. ಕಿಣ್ವದಾಚೆಗೆ ಬೇರೆ ದಾರಿಗಳೂ ಇರಬಹುದೆಂದು ಸಂಶೋಧನೆ ಮುಂದುವರಿದಿದೆ.

ಅಳತೆಯೇ ಮುಖ್ಯ

ಈಗ ನಾನು ಕತ್ತರಿಸಿದ ಆ ಮಾತು. ಬೆಳಕಿನ ಪ್ರಮಾಣವನ್ನು ಒಂದು ಚದರ ಸೆಂಟಿಮೀಟರ್‌ಗೆ ಇಷ್ಟು ಜೂಲ್ ಎಂದು ಅಳೆಯುತ್ತಾರೆ. ಲೆಕ್ಕ ಸುಲಭ. ವಾಟ್‌ಗಳನ್ನು ಸೆಕೆಂಡುಗಳಿಂದ ಗುಣಿಸಿದರೆ ಜೂಲ್. ಅದನ್ನು ಬೆಳಕು ಬಿದ್ದ ವಿಸ್ತೀರ್ಣದಿಂದ ಭಾಗಿಸಬೇಕು.

100 ಮಿಲಿವಾಟ್, ಎಂದರೆ 0.1 ವಾಟ್ ಲೇಸರನ್ನು 1 ಚದರ ಸೆಂಟಿಮೀಟರ್ ಜಾಗದ ಮೇಲೆ 40 ಸೆಕೆಂಡು ಹಿಡಿದರೆ ಸಿಗುವುದು 4 ಜೂಲ್. ಅದೇ ಉಪಕರಣವನ್ನು ತುಸು ದೂರ ಹಿಡಿದು ಬೆಳಕು 2 ಚದರ ಸೆಂಟಿಮೀಟರ್‌ಗೆ ಹರಡಿತೆನ್ನಿ. ಆಗ ಪ್ರತಿ ಚದರ ಸೆಂಟಿಮೀಟರ್‌ಗೆ ಸಿಗುವುದು 2 ಜೂಲ್ ಮಾತ್ರ. ವೈದ್ಯರ ಕೈ ಅರ್ಧ ಬೆರಳಿನಷ್ಟು ಸರಿದರೂ ಔಷಧಿಯ ಪ್ರಮಾಣವೇ ಬದಲಾದಂತೆ.

ಹಾಗಾದರೆ ಹೆಚ್ಚು ಬೆಳಕು ಬಿಟ್ಟರೆ ಗಾಯ ಇನ್ನೂ ಬೇಗ ಮಾಯುತ್ತದೆಯೇ? ಇಲ್ಲ. ಕಡಿಮೆ ಪ್ರಮಾಣದಲ್ಲಿ ಪರಿಣಾಮವೇ ಇಲ್ಲ. ಹದವಾದ ಪ್ರಮಾಣದಲ್ಲಿ ಲಾಭ. ಹದ ಮೀರಿದರೆ ಲಾಭ ಕುಗ್ಗುತ್ತದೆ, ಕೆಲವೊಮ್ಮೆ ಗಾಯ ಮಾಯುವುದು ತಡವೂ ಆಗುತ್ತದೆ. ನಮ್ಮ ಕರ್ನಾಟಕದ ಮಣಿಪಾಲದಲ್ಲಿ ಇಲಿಗಳ ಗಾಯದ ಮೇಲೆ ಬೇರೆ ಬೇರೆ ಪ್ರಮಾಣದ ಹೀಲಿಯಂ-ನಿಯಾನ್ ಲೇಸರ್ ಹಾಯಿಸಿ ನೋಡಿದಾಗಲೂ ಒಂದು ಮಿತವಾದ ಪ್ರಮಾಣವೇ ಉಳಿದವಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ತಿ. ನರಸೀಪುರದ ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನಾಲೆಯ ನೀರನ್ನು ಭತ್ತದ ಗದ್ದೆಗೆ ನಿಲ್ಲಿಸುತ್ತಾರೆ. ಅದೇ ನೀರನ್ನು ಎಳ್ಳಿನ ಹೊಲದಲ್ಲಿ ನಿಲ್ಲಿಸಿದರೆ ಬೆಳೆ ಕೊಳೆಯುತ್ತದೆ. ಬೇಕೆಂದರೂ ಅಳತೆ ಬೇಕು, ಯಾವ ಬೆಳೆಗೆ ಎಂಬುದೂ ಗೊತ್ತಿರಬೇಕು.

ಮಣಿಪಾಲದ ಪ್ರಯೋಗ

ಈ ಬೆಳಕು ನಿಜವಾಗಿ ಮನುಷ್ಯರಿಗೆ ನೆರವಾದದ್ದಕ್ಕೆ ಒಳ್ಳೆಯ ಪುರಾವೆ ಎಲ್ಲಿದೆ? ಒಂದು ಮುಖ್ಯ ಪುರಾವೆ ನಮ್ಮ ರಾಜ್ಯದ ಮಣಿಪಾಲದಿಂದಲೇ ಬಂದಿದೆ.

ಬಾಯಿ ಅಥವಾ ಗಂಟಲಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡುವಾಗ ಬಾಯಿಯ ಲೋಳೆಪೊರೆ ಸುಲಿದು ಹುಣ್ಣಾಗುತ್ತದೆ. ಅನ್ನ ನುಂಗಲಾಗದು, ಎಂಜಲು ನುಂಗಿದರೂ ಉರಿ. ಎಷ್ಟೋ ರೋಗಿಗಳು ನೋವು ತಾಳಲಾರದೆ ಚಿಕಿತ್ಸೆಯನ್ನು ನಡುವೆಯೇ ನಿಲ್ಲಿಸುತ್ತಾರೆ. ಆಗ ಕ್ಯಾನ್ಸರ್ ಮೇಲುಗೈ ಪಡೆಯುತ್ತದೆ. ಮಣಿಪಾಲದಲ್ಲಿ ಜಿ. ಅರುಣ ಮಯ್ಯ ಮತ್ತು ಸಂಗಡಿಗರು ಇಂಥ 50 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 632.8 ನ್ಯಾನೋಮೀಟರ್ ತರಂಗದೂರದ ಹೀಲಿಯಂ-ನಿಯಾನ್ ಲೇಸರ್ ನೀಡಿದರು. ಇನ್ನೊಂದು ಗುಂಪಿಗೆ ವಾಡಿಕೆಯ ಔಷಧಿಗಳನ್ನು ಕೊಟ್ಟರು. ಲೇಸರ್ ಪಡೆದವರಲ್ಲಿ ನೋವೂ ಹುಣ್ಣಿನ ತೀವ್ರತೆಯೂ ಸ್ಪಷ್ಟವಾಗಿ ಕಡಿಮೆಯಿತ್ತು. ಇದು 2006ರಲ್ಲಿ ಪ್ರಕಟವಾಯಿತು.

ಆದರೆ 50 ಮಂದಿಯ ಮೇಲೆ ಮಾಡಿದ ಪರೀಕ್ಷೆಯಿಂದ ವಿಜ್ಞಾನಕ್ಕೆ ತೃಪ್ತಿಯಿಲ್ಲ. ಲೇಸರ್ ಹಾಕಿಸಿಕೊಂಡೆ ಎಂಬ ನಂಬಿಕೆಯಿಂದಲೇ ನೋವು ಕಡಿಮೆಯೆನಿಸಬಹುದಲ್ಲ? ಈ ಅನುಮಾನ ನೀಗಲು ಅದೇ ಮಣಿಪಾಲದಲ್ಲಿ 221 ರೋಗಿಗಳ ಮೇಲೆ ದೊಡ್ಡ ಪರೀಕ್ಷೆ ನಡೆದು 2012ರಲ್ಲಿ ಪ್ರಕಟವಾಯಿತು. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ಆಕಸ್ಮಿಕವಾಗಿ ನಿರ್ಧರಿಸಲಾಯಿತು. ಒಂದು ಗುಂಪಿಗೆ ನಿಜವಾದ ಲೇಸರ್. ಇನ್ನೊಂದಕ್ಕೆ ತೋರಿಕೆಯ ಚಿಕಿತ್ಸೆ. ಇಂಥ ಪರೀಕ್ಷೆಗಳಲ್ಲಿ ತನಗೆ ಸಿಕ್ಕಿದ್ದು ಯಾವುದೆಂದು ರೋಗಿಗೂ ಗೊತ್ತಿರುವುದಿಲ್ಲ, ಹುಣ್ಣನ್ನು ಅಳೆಯುವವರಿಗೂ ಗೊತ್ತಿರುವುದಿಲ್ಲ. ವಿಕಿರಣ ಚಿಕಿತ್ಸೆಯ ದಿನಗಳಲ್ಲಿ ಪ್ರತಿ ಸಲವೂ ಅದಕ್ಕೆ ಮೊದಲು ಲೇಸರ್ ಕೊಡಲಾಯಿತು. ಫಲಿತಾಂಶ? ನಿಜವಾದ ಲೇಸರ್ ಪಡೆದವರಲ್ಲಿ ತೀವ್ರ ಹುಣ್ಣು ಕಡಿಮೆ, ನುಂಗುವ ತೊಂದರೆ ಕಡಿಮೆ, ಪ್ರಬಲ ನೋವುನಿವಾರಕಗಳ ಅಗತ್ಯವೂ ಕಡಿಮೆ.

ಇಂಥ ಹಲವು ದೇಶಗಳ ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ನೋಡಿದ ಅಂತರರಾಷ್ಟ್ರೀಯ ತಜ್ಞರು 2020ರ ಮಾರ್ಗಸೂಚಿಯಲ್ಲಿ, ತಲೆ-ಕತ್ತಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆಯುವವರಿಗೆ ಬಾಯಿಹುಣ್ಣು ಬಾರದಂತೆ ತಡೆಯಲು ನಿರ್ದಿಷ್ಟ ಪ್ರಮಾಣಗಳಲ್ಲಿ ಈ ಬೆಳಕನ್ನು ಶಿಫಾರಸು ಮಾಡಿದರು. 'ನಿರ್ದಿಷ್ಟ ಪ್ರಮಾಣ' ಎಂಬ ಮಾತನ್ನು ಗಮನಿಸಿ.

ಪುರಾವೆ ಇನ್ನೂ ಸಾಲದ ಕಡೆ

ಇಷ್ಟು ಗಟ್ಟಿ ಪುರಾವೆ ಎಲ್ಲ ಬಳಕೆಗಳಿಗೂ ಇಲ್ಲ. ಬುದ್ಧಿಹಲ್ಲು ಕಿತ್ತ ನಂತರದ ನೋವು, ಊತ, ಬಾಯಿ ತೆರೆಯಲಾಗದ ಬಿಗಿತ ಇವುಗಳ ಬಗ್ಗೆ ಬಹಳಷ್ಟು ಪರೀಕ್ಷೆಗಳು ನಡೆದಿವೆ. ಕೆಲವು ಲಾಭವಿದೆ ಎನ್ನುತ್ತವೆ, ಕೆಲವು ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎನ್ನುತ್ತವೆ. ಒಬ್ಬೊಬ್ಬರು ಬಳಸಿದ ತರಂಗದೂರ ಒಂದೊಂದು, ಪ್ರಮಾಣ ಒಂದೊಂದು. ಹೀಗಾಗಿ ಹೋಲಿಕೆಯೇ ಕಷ್ಟ. ಇಂಥ ಕಡೆ ಲೇಸರ್ ಒಂದು ಹೆಚ್ಚುವರಿ ನೆರವಾಗಬಹುದು. ಸ್ವಚ್ಛತೆ, ಸರಿಯಾದ ಶಸ್ತ್ರಚಿಕಿತ್ಸೆ, ಔಷಧಿಗಳಿಗೆ ಅದು ಬದಲಿಯಲ್ಲ.

ಎಚ್ಚರಿಕೆಯ ಮಾತುಗಳೂ ಇವೆ. ಲೇಸರ್ ಬಳಸುವಾಗ ರೋಗಿ, ವೈದ್ಯರು, ಸಹಾಯಕರು ಮೂವರೂ ಆ ತರಂಗದೂರಕ್ಕೆ ತಕ್ಕ ಕನ್ನಡಕ ಧರಿಸಲೇಬೇಕು. ಕಣ್ಣಿಗೆ ಕಾಣದ ಅವಕೆಂಪು ಕಿರಣ ಕಣ್ಣಿನ ಪರದೆಯನ್ನು ಸುಡಬಲ್ಲದು. ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಎರಡು ವಾರಗಳಲ್ಲಿ ಮಾಯದ ಬಾಯಿಹುಣ್ಣನ್ನು, ಅದು ಏನೆಂದು ಪರೀಕ್ಷಿಸದೆ, ಬೆಳಕಿಗಾಗಲಿ ಮುಲಾಮಿಗಾಗಲಿ ಒಪ್ಪಿಸಬಾರದು. ಬಾಯಿಯ ಕ್ಯಾನ್ಸರ್ ಎಷ್ಟೋ ಸಲ ನೋವಿಲ್ಲದ, ಮಾಯದ ಹುಣ್ಣಾಗಿಯೇ ಮೊದಲು ಕಾಣಿಸಿಕೊಳ್ಳುತ್ತದೆ. ಹಲ್ಲು ಕಿತ್ತ ಗೂಡು ಮಾಯದೆ ಉಳಿಯುವುದೂ ಅದರ ಗುರುತಾಗಿರಬಹುದು.

ಮತ್ತೆ ಮೂಗೂರಿಗೆ

ಫೋನಿನಲ್ಲಿ ಅತ್ತೆಯ ಮಾತು ಕೇಳಿ ನಾನು ಬೆಚ್ಚಿದ್ದು ಇದೇ ಕಾರಣಕ್ಕೆ. ನಂಜನಗೂಡಿನಲ್ಲಿ 1913ರಲ್ಲಿ ಬಿ.ವಿ. ಪಂಡಿತರು ಆರಂಭಿಸಿದ ಸದ್ವೈದ್ಯಶಾಲೆಯ ಗುಲಾಬಿ ಬಣ್ಣದ ಹಲ್ಲುಪುಡಿ ನಮ್ಮ ಕಡೆ ಮನೆಮನೆಯ ಮಾತು. ಅತ್ತೆಯೂ ಬೆಳಿಗ್ಗೆ ಎದ್ದರೆ ಅದನ್ನೇ ಅಂಗೈಗೆ ಸುರಿದುಕೊಂಡು ಹಲ್ಲುಜ್ಜುವವರು. ಆದರೆ ಊಟವಾದ ಮೇಲೆ ಎಲೆ ಅಡಿಕೆಯ ಜೊತೆ ಹೊಗೆಸೊಪ್ಪಿನ ಚೂರೊಂದು ಅದೇ ದವಡೆಗೆ ಸೇರುತ್ತಿತ್ತು, ನಲವತ್ತು ವರ್ಷಗಳಿಂದ. ಹೊಗೆಸೊಪ್ಪು ಕ್ಯಾನ್ಸರ್‌ಕಾರಕ ಎಂಬುದು ಎಲ್ಲರಿಗೂ ಗೊತ್ತು. ಹೊಗೆಸೊಪ್ಪಿಲ್ಲದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಹೇಳಿತು. ಇದು ನಮ್ಮಲ್ಲಿ ಇನ್ನೂ ಬಹಳ ಮಂದಿಗೆ ತಿಳಿದಿಲ್ಲ.

ಮಾರನೆಯ ದಿನವೇ ಅತ್ತೆಯನ್ನು ಮೈಸೂರಿಗೆ ಕರೆದೊಯ್ದೆ. ದಂತವೈದ್ಯೆ ಬಾಯಿ ನೋಡಿದರು, ಎಕ್ಸ್‌ರೇ ತೆಗೆಸಿದರು, ರಕ್ತ ಪರೀಕ್ಷೆ ಮಾಡಿಸಿದರು. ಬೆಳಗಿನ ತಿಂಡಿಗೆ ಮೊದಲೇ ಸಕ್ಕರೆ ಅಂಶ 260 ದಾಟಿತ್ತು. ತಮಗೆ ಮಧುಮೇಹವಿದೆಯೆಂದು ಅತ್ತೆಗೆ ಗೊತ್ತೇ ಇರಲಿಲ್ಲ. ಗೂಡಿನಲ್ಲಿ ಸತ್ತ ಮೂಳೆಯ ಒಂದು ಚೂರು ಉಳಿದಿತ್ತು. ಅದನ್ನು ತೆಗೆದು ಗೂಡನ್ನು ತೊಳೆದು, ಅಂಚಿನಿಂದ ಒಂದು ತುಣುಕು ಅಂಗಾಂಶವನ್ನು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರಲು ಒಂದು ವಾರ. ಆ ವಾರ ನಾನು ನಮ್ಮ ಕಾರ್ಯಕ್ರಮದ ಧ್ವನಿಮುದ್ರಿಕೆಯನ್ನು ಎರಡು ಸಲ ನೋಡಿದೆ. ಕತ್ತರಿಸಿದ ಜಾಗ ಎಲ್ಲಿದೆಯೆಂದು ನನಗೆ ಮಾತ್ರ ಗೊತ್ತಾಗುತ್ತಿತ್ತು.

ಫಲಿತಾಂಶ ಬಂತು. ಕ್ಯಾನ್ಸರ್ ಇರಲಿಲ್ಲ.

"ಲೇಸರ್ ಹಾಕುವುದಿಲ್ಲವೇ ಡಾಕ್ಟರೇ?" ಎಂದು ಕೇಳಿದೆ. "ಸಕ್ಕರೆ ಇಳಿಯದೆ, ಹೊಗೆಸೊಪ್ಪು ಬಿಡದೆ ಲೇಸರ್ ಹಾಕಿದರೆ ದುಡ್ಡು ಖರ್ಚಾಗುತ್ತದೆ, ಗಾಯ ಹಾಗೇ ಇರುತ್ತದೆ" ಎಂದರು. ಸಕ್ಕರೆ ಹೆಚ್ಚಿದ್ದಾಗ ಬಿಳಿಯ ರಕ್ತಕಣಗಳ ಹೋರಾಟ ಮಂದವಾಗುತ್ತದೆ; ಸಣ್ಣ ರಕ್ತನಾಳಗಳು ಕೆಡುತ್ತವೆ. ಹೊಗೆಸೊಪ್ಪಿನ ನಿಕೋಟಿನ್ ರಕ್ತನಾಳಗಳನ್ನು ಸಂಕುಚಿಸುತ್ತದೆ. ಗಾಯಕ್ಕೆ ಬೇಕಾದ ಆಮ್ಲಜನಕವೇ ತಲುಪದಿದ್ದರೆ ಮೈಟೋಕಾಂಡ್ರಿಯಕ್ಕೆ ಎಷ್ಟು ಬೆಳಕು ಬಿಟ್ಟರೇನು? ಅತ್ತೆ ಮಾತ್ರೆ ಶುರುಮಾಡಿದರು. ಹೊಗೆಸೊಪ್ಪು ಬಿಡುವುದಕ್ಕೆ ಹೆಚ್ಚು ಕಷ್ಟಪಟ್ಟರು, ಆದರೂ ಬಿಟ್ಟರು. ಐದನೆಯ ವಾರಕ್ಕೆ ಗೂಡಿನ ಮೇಲೆ ವಸಡು ಮುಚ್ಚಿಕೊಂಡಿತು.

ಚಿಕಿತ್ಸೆಗೆ ಮೊದಲು ಕೇಳಬೇಕಾದ್ದು

ನಿಮ್ಮ ಮನೆಯಲ್ಲಿ ಯಾರಿಗಾದರೂ ಲೇಸರ್ ಚಿಕಿತ್ಸೆಯ ಸಲಹೆ ಬಂದರೆ ವೈದ್ಯರನ್ನು ಈ ನಾಲ್ಕು ಪ್ರಶ್ನೆ ಕೇಳಬಹುದು. ಒಳ್ಳೆಯ ವೈದ್ಯರು ಸಂತೋಷದಿಂದಲೇ ಉತ್ತರಿಸುತ್ತಾರೆ.

1. ಇದು ಕತ್ತರಿಸುವ ಲೇಸರೋ, ಗಾಯ ಮಾಯಲು ನೆರವಾಗುವ ಲೇಸರೋ?

2. ಗಾಯ ಅಥವಾ ಹುಣ್ಣು ಯಾವುದರಿಂದ ಆಯಿತೆಂದು ಪರೀಕ್ಷೆಯಾಗಿದೆಯೇ? ರಕ್ತದ ಸಕ್ಕರೆ ನೋಡಿದ್ದೀರಾ?

3. ತರಂಗದೂರ ಎಷ್ಟು? ಚದರ ಸೆಂಟಿಮೀಟರ್‌ಗೆ ಎಷ್ಟು ಜೂಲ್? ಎಷ್ಟು ಸಲ?

4. ಲೇಸರ್ ಇಲ್ಲದೆ ವಾಡಿಕೆಯ ಚಿಕಿತ್ಸೆ ಮಾಡಿದರೆ ಏನು ವ್ಯತ್ಯಾಸ? ಖರ್ಚೆಷ್ಟು?

ಖಾಸಗಿ ಚಿಕಿತ್ಸಾಲಯದ ಖರ್ಚಿಗೆ ಅಂಜುವವರು ದಂತ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ವಿಚಾರಿಸಬಹುದು. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರಲ್ಲಿ, ಮಣಿಪಾಲದ್ದು 1965ರಲ್ಲಿ, ಮೈಸೂರಿನ ಜೆಎಸ್ಎಸ್ ದಂತ ಕಾಲೇಜು 1986ರಲ್ಲಿ ಆರಂಭವಾದವು. ಇಂಥ ಆಸ್ಪತ್ರೆಗಳಲ್ಲಿ ನಿಮಗಿಂತ ಕೆಲವೇ ವರ್ಷ ದೊಡ್ಡವರಾದ ವಿದ್ಯಾರ್ಥಿಗಳು ಗುರುಗಳ ಕಣ್ಣೆದುರಿನಲ್ಲಿ ಚಿಕಿತ್ಸೆ ಮಾಡುತ್ತಾರೆ.

ಇವತ್ತು ಸಂಜೆ ಮನೆಯಲ್ಲಿ ಅಜ್ಜ ಅಜ್ಜಿಯರನ್ನು ಒಂದು ಮಾತು ಕೇಳಿ: ಬಾಯಲ್ಲಿ ಎರಡು ವಾರ ದಾಟಿದರೂ ಮಾಯದ ಹುಣ್ಣು ಏನಾದರೂ ಇದೆಯೇ? ಇದ್ದರೆ ಜಾತ್ರೆ ಕಳೆಯಲೆಂದು ಕಾಯಬೇಡಿ. ನಮ್ಮ ಮುಂದಿನ ಕಾರ್ಯಕ್ರಮಕ್ಕೂ ಕಾಯಬೇಡಿ.